ಪುರುಷ ಹಾರ್ಮೋನು: ನಿಂತುಹೋದ ಉತ್ಪಾದನೆ ಮತ್ತೆ ಆರಂಭವಾದೀತೇ?

ಕೊಡಗಿನ ಕೊಡ್ಲಿಪೇಟೆಯಿಂದ ಓದುಗರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬಾರದೆಂದು ಕೇಳಿಕೊಂಡಿದ್ದಾರೆ. ಮದುವೆಯಾಗಿ ಮೂರು ವರ್ಷ ಕಳೆದರೂ ಅವರಿಗೆ ಮಕ್ಕಳಾಗಿಲ್ಲ. ನೆಂಟರಿಷ್ಟರೆಲ್ಲ ಕೊರತೆ ಅವರದೇ ಎಂದು ಎಣಿಸಿ ಹರಕೆ, ಪಥ್ಯ, ನಾಟಿ ಔಷಧಿ ಎಲ್ಲವನ್ನೂ ಮಾಡಿಸಿದ್ದಾರೆ. ಅವರ ತಪಾಸಣೆಗಳಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಕೊನೆಗೆ ಯಜಮಾನರು ಒಪ್ಪಿ ವೀರ್ಯ ಪರೀಕ್ಷೆ ಮಾಡಿಸಿಕೊಂಡಾಗ ವೀರ್ಯಾಣುಗಳೇ ಇಲ್ಲವೆಂದು ವರದಿ ಬಂದಿದೆ. ಮದುವೆಗೆ ಮುಂಚೆ ಪಟ್ಟಣದಲ್ಲಿ ಕೆಲಸಕ್ಕಿದ್ದಾಗ ಅವರು ವ್ಯಾಯಾಮ ಶಾಲೆಗೆ ಹೋಗುತ್ತಿದ್ದರಂತೆ. ಅಲ್ಲಿ ಮೈಕಟ್ಟು ಬೆಳೆಯಲೆಂದು ಇಂಜೆಕ್ಷನ್ ತೆಗೆದುಕೊಂಡಿದ್ದಾರೆ. ಬಿಟ್ಟ ಮೇಲೆ ಆಯಾಸ, ನಿರುತ್ಸಾಹ ಶುರುವಾಗಿದೆ. ಆಗ ಒಬ್ಬರು ರಕ್ತ ಪರೀಕ್ಷೆ ಮಾಡಿಸಿ, ಪುರುಷ ಹಾರ್ಮೋನು ಕಡಿಮೆಯಿದೆ ಎಂದು ಅದೇ ಹಾರ್ಮೋನನ್ನು ತಿಂಗಳು ತಿಂಗಳು ಚುಚ್ಚಿದ್ದಾರೆ. ‘ಆಯಾಸವೇನೋ ಹೋಯಿತು, ಆದರೆ ಮಕ್ಕಳ ಆಸೆಯೂ ಹೋಯಿತೇ? ನಿಂತುಹೋದದ್ದನ್ನು ಔಷಧಿಯಿಂದ ಮತ್ತೆ ತರಬಹುದೇ?’ ಇದು ಅವರ ಪ್ರಶ್ನೆ.

ಹೆಚ್ಚಿನ ಪ್ರಸಂಗಗಳಲ್ಲಿ ತರಬಹುದು. ಆದರೆ ಎಲ್ಲರಿಗೂ ಅಲ್ಲ, ಒಂದೇ ಔಷಧಿಯಿಂದಲೂ ಅಲ್ಲ, ನಾಲ್ಕು ದಿನದಲ್ಲಂತೂ ಅಲ್ಲ. ಯಾರಿಗೆ, ಯಾವುದರಿಂದ, ಎಷ್ಟು ಕಾಲದಲ್ಲಿ ಎಂಬುದನ್ನು ತಿಳಿಯಲು ಈ ಹಾರ್ಮೋನು ನಮ್ಮ ದೇಹದಲ್ಲಿ ಹೇಗೆ ತಯಾರಾಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಸಾಹುಕಾರ, ರೈಟರ್, ಆಳುಗಳು

ಗಂಡಸಿನ ಗಡ್ಡ ಮೀಸೆ, ಒಡೆದ ದನಿ, ಸ್ನಾಯುಗಳ ಬಲ, ಮೂಳೆಗಳ ಗಟ್ಟಿತನ, ಲೈಂಗಿಕ ಆಸಕ್ತಿ ಇವೆಲ್ಲಕ್ಕೂ ಕಾರಣವಾದ ಹಾರ್ಮೋನು ಟೆಸ್ಟೋಸ್ಟೆರಾನ್. ಅದು ತಯಾರಾಗುವುದು ಮುಖ್ಯವಾಗಿ ವೃಷಣಗಳಲ್ಲಿ. 1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವಿಜ್ಞಾನಿಗಳು ಇದನ್ನು ಹೋರಿಯ ವೃಷಣಗಳಿಂದ ಬೇರ್ಪಡಿಸಿದರು. ಅದೇ ವರ್ಷ ಬ್ಯುಟೆನಾಂಟ್ ಮತ್ತು ರುಜಿಚ್ಕಾ ಎಂಬ ರಸಾಯನ ವಿಜ್ಞಾನಿಗಳು ಇದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದರು. ಇವರಿಬ್ಬರೂ 1939ರ ನೊಬೆಲ್ ಬಹುಮಾನ ಪಡೆದರು.

ವೃಷಣಗಳು ತಾವಾಗಿಯೇ ಈ ಕೆಲಸ ಮಾಡುವುದಿಲ್ಲ. ಅವುಗಳಿಗೆ ಮೇಲಿನಿಂದ ಆಜ್ಞೆ ಬರಬೇಕು. ಕೊಡಗಿನ ಓದುಗರಿಗೆ ಕಾಫಿ ತೋಟದ ಉದಾಹರಣೆ ಸುಲಭ. ತೋಟಕ್ಕೊಬ್ಬ ಸಾಹುಕಾರ, ಅವನ ಕೈಕೆಳಗೆ ರೈಟರ್, ಅವನ ಮಾತಿನಂತೆ ಕೆಲಸ ಮಾಡುವ ಆಳುಗಳು. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗವೇ ಸಾಹುಕಾರ. ಅದು ಸುಮಾರು ಒಂದೂವರೆ, ಎರಡು ಗಂಟೆಗೊಮ್ಮೆ ಒಂದು ಸಂಜ್ಞಾ ಹಾರ್ಮೋನನ್ನು ಕಳುಹಿಸುತ್ತದೆ. ಅದು ತಲುಪುವುದು ಕೆಳಗೇ ಇರುವ, ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿಗೆ. ಇದು ರೈಟರ್. ರೈಟರ್ ಎರಡು ಚೀಟಿ ಬರೆದು ರಕ್ತದ ಮೂಲಕ ಕೆಳಗೆ ಕಳುಹಿಸುತ್ತಾನೆ. ಒಂದರ ಹೆಸರು ಎಲ್.ಎಚ್., ಇನ್ನೊಂದರ ಹೆಸರು ಎಫ್.ಎಸ್.ಎಚ್. ಎಲ್.ಎಚ್. ಚೀಟಿ ತಲುಪಿದಾಗ ವೃಷಣದ ಲೇಡಿಗ್ ಜೀವಕೋಶಗಳು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ. ಎಫ್.ಎಸ್.ಎಚ್. ಚೀಟಿ ಸರ್ಟೋಲಿ ಜೀವಕೋಶಗಳಿಗೆ ಹೋಗುತ್ತದೆ. ವೀರ್ಯಾಣುಗಳನ್ನು ಪೋಷಿಸಿ ಬೆಳೆಸುವುದು ಇವುಗಳ ಕೆಲಸ.

ಸಾಹುಕಾರ ಆಗಾಗ ಗೋಡೌನಿನ ಕಡೆ ಕಣ್ಣು ಹಾಯಿಸುತ್ತಿರುತ್ತಾನೆ. ಮಾಲು ಕಡಿಮೆಯಿದ್ದರೆ ಆಜ್ಞೆ ಜೋರಾಗುತ್ತದೆ. ತುಂಬಿದ್ದರೆ ‘ಸಾಕು ನಿಲ್ಲಿಸಿ’ ಎನ್ನುತ್ತಾನೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಏರಿದಾಗ ಹೈಪೊಥಲಾಮಸ್ ಸುಮ್ಮನಾಗುವುದು, ಇಳಿದಾಗ ಚುರುಕಾಗುವುದು ಹೀಗೆಯೇ. ಇನ್ನೊಂದು ಸ್ವಾರಸ್ಯವೂ ಇದೆ. ಟೆಸ್ಟೋಸ್ಟೆರಾನಿನ ಸ್ವಲ್ಪ ಭಾಗ ಕೊಬ್ಬಿನಲ್ಲಿಯೂ ಇತರ ಅಂಗಗಳಲ್ಲಿಯೂ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಈಸ್ಟ್ರೋಜನ್ ಹೆಂಗಸರ ಹಾರ್ಮೋನು ಎಂದು ಹೆಸರಾಗಿದ್ದರೂ ಗಂಡಸರಲ್ಲಿಯೂ ಅಲ್ಪ ಪ್ರಮಾಣದಲ್ಲಿ ಇರಲೇಬೇಕು. ಗೋಡೌನಿನಲ್ಲಿ ಎಷ್ಟಿದೆಯೆಂದು ಸಾಹುಕಾರ ಅಂದಾಜು ಮಾಡುವುದು ಬಹುಮಟ್ಟಿಗೆ ಈ ಈಸ್ಟ್ರೋಜನನ್ನು ನೋಡಿಯೇ. ಮುಂದೆ ಔಷಧಿಯ ಮಾತು ಬಂದಾಗ ಈ ಅಂಶ ನೆನಪಿರಲಿ.

ಹೊರಗಿನಿಂದ ತುಂಬಿಸಿದರೆ

ಬೇರೆ ಕಡೆಯ ಕಾಫಿಯನ್ನು ತಂದು ಯಾರೋ ಗೋಡೌನು ತುಂಬಿಸಿದರೆನ್ನಿ. ಸಾಹುಕಾರನಿಗೆ ಅದು ಎಲ್ಲಿಯದೆಂದು ತಿಳಿಯದು. ತುಂಬಿದೆ, ಅಷ್ಟೆ. ಆಜ್ಞೆ ನಿಲ್ಲುತ್ತದೆ, ಚೀಟಿ ನಿಲ್ಲುತ್ತದೆ, ಆಳುಗಳು ಮನೆಗೆ ಹೋಗುತ್ತಾರೆ, ತೋಟ ಪಾಳು ಬೀಳುತ್ತದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡವರಲ್ಲಿ ಆಗುವುದು ಇದೇ. ರಕ್ತ ಪರೀಕ್ಷೆಯಲ್ಲಿ ಹಾರ್ಮೋನು ಬೇಕಾದಷ್ಟು ಕಾಣುತ್ತದೆ, ಮೈಯಲ್ಲಿ ಹುರುಪೂ ಇರುತ್ತದೆ. ಆದರೆ ವೃಷಣಗಳು ಕೆಲಸವಿಲ್ಲದೆ ಕುಗ್ಗುತ್ತವೆ.

ರಕ್ತದಲ್ಲಿ ಅಷ್ಟೊಂದು ಹಾರ್ಮೋನು ಇದ್ದರೂ ವೀರ್ಯಾಣು ಏಕಿಲ್ಲ ಎಂದು ನೀವು ಕೇಳಬಹುದು. ವೀರ್ಯಾಣು ಬೆಳೆಯಲು ವೃಷಣದ ಒಳಗೇ ಟೆಸ್ಟೋಸ್ಟೆರಾನ್ ತುಂಬ ಸಾಂದ್ರವಾಗಿರಬೇಕು. ಅಲ್ಲಿನ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ತೋಳಿಗೆ ಚುಚ್ಚಿದ ಔಷಧಿಯಿಂದ ಆ ಸಾಂದ್ರತೆ ಬರುವುದಿಲ್ಲ. ಅಲ್ಲಿಯೇ ತಯಾರಾದರೆ ಮಾತ್ರ ಬರುತ್ತದೆ.

ಇದು ಎಷ್ಟು ಖಚಿತವೆಂದರೆ, ಗಂಡಸರ ಗರ್ಭನಿರೋಧಕವಾಗಿ ಟೆಸ್ಟೋಸ್ಟೆರಾನನ್ನು ಬಳಸಬಹುದೇ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಪರೀಕ್ಷಿಸಿದೆ. 1990ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಇಂಜೆಕ್ಷನ್ ಕೊಡಲಾಯಿತು. ಅವರಲ್ಲಿ 157 ಮಂದಿಯ ವೀರ್ಯದಲ್ಲಿ ವೀರ್ಯಾಣು ಪೂರ್ತಿ ಇಲ್ಲವಾಯಿತು. ಮಕ್ಕಳಾಗದಿರಲೆಂದು ಪರೀಕ್ಷಿಸಿದ ಮದ್ದನ್ನೇ ಮಕ್ಕಳಾಗಲಿ ಎಂದು ಹಂಬಲಿಸುವವರಿಗೆ ‘ಶಕ್ತಿಗಾಗಿ’ ಚುಚ್ಚಿದರೆ ಹೇಗೆ? ಸದ್ಯದಲ್ಲಿ ಮಕ್ಕಳನ್ನು ಬಯಸುವ ಗಂಡಸಿಗೆ ಟೆಸ್ಟೋಸ್ಟೆರಾನ್ ಕೊಡಬಾರದೆಂದು ಅಮೆರಿಕದ ಎಂಡೊಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು. ಮೈಕಟ್ಟಿಗೆಂದು ಬಳಸುವ ನ್ಯಾಂಡ್ರೊಲೋನ್, ಸ್ಟ್ಯಾನೊಜೊಲಾಲ್, ಮೆಥಾಂಡಿಯೆನೋನ್ ಮುಂತಾದವು ಟೆಸ್ಟೋಸ್ಟೆರಾನಿನ ದಾಯಾದಿಗಳು. ಇವುಗಳನ್ನು ‘ಸ್ಟೀರಾಯ್ಡ್’ ಎನ್ನುತ್ತಾರೆ. ಆಸ್ತಮಾಕ್ಕೆ, ಕೀಲುವಾತಕ್ಕೆ ವೈದ್ಯರು ಕೊಡುವ ಪ್ರೆಡ್ನಿಸೊಲೋನ್ ಕೂಡ ಸ್ಟೀರಾಯ್ಡ್, ಆದರೆ ಬೇರೆ ಜಾತಿಯದು. ಈ ಲೇಖನ ಓದಿ ಯಾರೂ ಆಸ್ತಮಾದ ಔಷಧಿಯನ್ನು ಥಟ್ಟನೆ ನಿಲ್ಲಿಸಬಾರದು. ಅದು ಪ್ರಾಣಾಪಾಯಕ್ಕೂ ದಾರಿಯಾಗಬಹುದು.

ಕೊರತೆ ಎಲ್ಲಿದೆ?

ಚಿಕಿತ್ಸೆಗೆ ಮೊದಲು ತಿಳಿಯಬೇಕಾದದ್ದು, ಕೆಲಸ ನಿಂತಿರುವುದು ಮೇಲಿನ ಆಜ್ಞೆಯಿಲ್ಲದೆಯೋ ಅಥವಾ ಕೆಳಗಿನ ಆಳುಗಳೇ ಅಶಕ್ತರಾಗಿಯೋ ಎಂಬುದು.

ಟೆಸ್ಟೋಸ್ಟೆರಾನ್ ಮುಂಜಾನೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ. ಆದ್ದರಿಂದ ರಕ್ತವನ್ನು ಬೆಳಿಗ್ಗೆ, ಹತ್ತು ಗಂಟೆಯೊಳಗೆ, ಬರಿ ಹೊಟ್ಟೆಯಲ್ಲಿ ಕೊಡಬೇಕು. ಒಂದು ಸಲ ಕಡಿಮೆ ಬಂದರೆ ಸಾಲದು, ಬೇರೊಂದು ದಿನ ಮತ್ತೆ ಮಾಡಿಸಬೇಕು. ಜ್ವರ ಬಂದಾಗ, ದೊಡ್ಡ ಕಾಯಿಲೆಯಿಂದ ಏಳುತ್ತಿರುವಾಗ ಪರೀಕ್ಷೆ ಮಾಡಿಸಿದರೆ ಆರೋಗ್ಯವಂತನಲ್ಲಿಯೂ ಕಡಿಮೆ ತೋರಿಸುತ್ತದೆ. ಸಾಮಾನ್ಯವಾಗಿ ರಕ್ತದ ಪ್ರತಿ ಡೆಸಿಲೀಟರಿಗೆ 300ರಿಂದ 1000 ನ್ಯಾನೋಗ್ರಾಂವರೆಗೆ ಸರಿಯಾದ ಮಟ್ಟವೆಂದು ಎಣಿಸುತ್ತಾರೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಇದು ಸ್ವಲ್ಪ ಬೇರೆಯಾಗುತ್ತದೆ. ಸಂಜೆ ಕೊಟ್ಟ ರಕ್ತದ ಒಂದೇ ಒಂದು ವರದಿ ಹಿಡಿದು ಆಜೀವ ಇಂಜೆಕ್ಷನ್ ಆರಂಭಿಸುವುದು ತಪ್ಪು.

ಕೊರತೆ ಖಚಿತವಾದ ಮೇಲೆ ಎಲ್.ಎಚ್. ಮತ್ತು ಎಫ್.ಎಸ್.ಎಚ್. ಅಳೆಯಬೇಕು. ಅವು ತುಂಬ ಹೆಚ್ಚಿದ್ದರೆ, ರೈಟರ್ ಚೀಟಿಯ ಮೇಲೆ ಚೀಟಿ ಕಳುಹಿಸುತ್ತಿದ್ದಾನೆ, ಆಳುಗಳು ಏಳಲಾರದೆ ಮಲಗಿದ್ದಾರೆ ಎಂದರ್ಥ. ಅಂದರೆ ದೋಷ ವೃಷಣಗಳದೇ. ಟೆಸ್ಟೋಸ್ಟೆರಾನ್ ಕಡಿಮೆಯಿದ್ದೂ ಎಲ್.ಎಚ್., ಎಫ್.ಎಸ್.ಎಚ್. ಏರಿಲ್ಲದಿದ್ದರೆ ದೋಷ ಮೇಲಿನದು. ಆಳುಗಳು ಕಾದು ಕುಳಿತಿದ್ದಾರೆ, ಚೀಟಿ ಬಂದಿಲ್ಲ. ಸಹಜ ಉತ್ಪಾದನೆಯನ್ನು ಔಷಧಿಯಿಂದ ಮರಳಿ ತರಲು ಸಾಧ್ಯವಾಗುವುದು ಮುಖ್ಯವಾಗಿ ಈ ಎರಡನೆಯ ಗುಂಪಿನವರಲ್ಲಿ.

ಇದರೊಂದಿಗೆ ವೀರ್ಯ ಪರೀಕ್ಷೆ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಪರೀಕ್ಷೆ, ಥೈರಾಯ್ಡ್, ಸಕ್ಕರೆ, ಅಗತ್ಯವಿದ್ದರೆ ಪಿಟ್ಯುಟರಿಯ ಎಂ.ಆರ್.ಐ. ಚಿತ್ರ ಬೇಕಾಗುತ್ತವೆ. ತಲೆನೋವು, ಅಕ್ಕಪಕ್ಕದ ನೋಟ ಮಸುಕಾಗುವುದು, ಗಂಡಸಿನ ಎದೆಯಿಂದ ಹಾಲು ಜಿನುಗುವುದು ಇವು ಪಿಟ್ಯುಟರಿ ಗಡ್ಡೆಯ ಸೂಚನೆಗಳು. ಇವಿದ್ದರೆ ತಡಮಾಡಬಾರದು.

ಔಷಧಿಗಳು ಯಾವುವು?

ಮೊದಲನೆಯದು ಕ್ಲೋಮಿಫೀನ್ ಮಾತ್ರೆ. 1967ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ಹೆಂಗಸರಲ್ಲಿ ಅಂಡ ಬಿಡುಗಡೆಗೆ. ಔಷಧಿ ಅಂಗಡಿಯಲ್ಲಿ ‘ಇದು ಹೆಂಗಸರ ಮಾತ್ರೆಯಲ್ಲವೇ?’ ಎಂದು ಕೇಳಿದಾಗ ಮುಜುಗರಪಟ್ಟು ಮಾತ್ರೆಯನ್ನೇ ಬಿಟ್ಟವರುಂಟು. ಮುಜುಗರಕ್ಕೆ ಕಾರಣವಿಲ್ಲ. ಸಾಹುಕಾರ ಗೋಡೌನನ್ನು ಅಳೆಯುವುದು ಈಸ್ಟ್ರೋಜನ್ ನೋಡಿ ಎಂದೆವಲ್ಲ. ಕ್ಲೋಮಿಫೀನ್ ಮಿದುಳಿನಲ್ಲಿ ಈಸ್ಟ್ರೋಜನ್ ಕೂರುವ ಜಾಗದಲ್ಲಿ ತಾನು ಕೂತು ಅದನ್ನು ಮರೆಮಾಡುತ್ತದೆ. ಗೋಡೌನು ಬರಿದಾಗಿದೆಯೆಂದು ಭಾವಿಸಿದ ಸಾಹುಕಾರ ಆಜ್ಞೆ ಕಳುಹಿಸುತ್ತಾನೆ. ಎಲ್.ಎಚ್., ಎಫ್.ಎಸ್.ಎಚ್. ಏರುತ್ತವೆ, ವೃಷಣ ತಾನೇ ಟೆಸ್ಟೋಸ್ಟೆರಾನ್ ತಯಾರಿಸತೊಡಗುತ್ತದೆ.

ಆದರೆ ಇದು ಫಲಿಸಬೇಕಾದರೆ ಸಾಹುಕಾರ, ರೈಟರ್, ಆಳು ಮೂವರೂ ಬದುಕಿರಬೇಕು. ಪಿಟ್ಯುಟರಿಯೇ ನಾಶವಾಗಿದ್ದರೆ ಈ ಮಾತ್ರೆಯಿಂದ ಪ್ರಯೋಜನವಿಲ್ಲ. ಗಂಡಸರಲ್ಲಿ ಇದರ ಬಳಕೆಗೆ ವಿಧಿವತ್ತಾದ ಅನುಮತಿಯಿಲ್ಲ. ವೈದ್ಯರು ತಮ್ಮ ವಿವೇಚನೆಯಿಂದ, ರೋಗಿಗೆ ತಿಳಿಸಿ ಕೊಡುತ್ತಾರೆ. ಕೆಲವರಲ್ಲಿ ಕಣ್ಣು ಮಂಜಾಗುವುದು, ಮನಸ್ಸಿನ ಏರುಪೇರು, ಎದೆಯಲ್ಲಿ ನೋವು ಕಾಣಬಹುದು, ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು. ದೃಷ್ಟಿ ಬದಲಾದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಎರಡನೆಯದು ಎಚ್.ಸಿ.ಜಿ. ಇಂಜೆಕ್ಷನ್. ಇದು ಗರ್ಭಿಣಿಯರ ದೇಹದಲ್ಲಿ ತಯಾರಾಗುವ ಹಾರ್ಮೋನು. 1927ರಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಜೊಂಡೆಕ್ ಗರ್ಭಿಣಿಯರ ಮೂತ್ರದಲ್ಲಿ ಇದನ್ನು ಗುರುತಿಸಿದರು. ಇದರ ರಚನೆ ಎಲ್.ಎಚ್.ಗೆ ಎಷ್ಟು ಹತ್ತಿರವೆಂದರೆ ಲೇಡಿಗ್ ಕೋಶಗಳು ಇದನ್ನು ಎಲ್.ಎಚ್. ಎಂದೇ ಸ್ವೀಕರಿಸುತ್ತವೆ. ರೈಟರ್ ಬರೆಯಬೇಕಾದ ಚೀಟಿಯನ್ನು ನಾವೇ ಬರೆದು ಆಳುಗಳಿಗೆ ಕೊಟ್ಟ ಹಾಗೆ. ಪಿಟ್ಯುಟರಿ ಕೆಲಸ ಮಾಡದವರಿಗೂ ಇದು ಉಪಯೋಗಕ್ಕೆ ಬರುವುದು ಈ ಕಾರಣದಿಂದ. ವಾರಕ್ಕೆ ಎರಡು ಮೂರು ಸಲ, ಸಾಮಾನ್ಯವಾಗಿ ಒಂದರಿಂದ ಎರಡು ಸಾವಿರ ಯೂನಿಟ್, ಚುಚ್ಚಿಸಿಕೊಳ್ಳಬೇಕಾಗುತ್ತದೆ. ವೀರ್ಯಾಣು ಬಾರದಿದ್ದರೆ ಕೆಲವು ತಿಂಗಳ ನಂತರ ಎಫ್.ಎಸ್.ಎಚ್. ಇಂಜೆಕ್ಷನನ್ನೂ ಸೇರಿಸುತ್ತಾರೆ. ಚಿಕಿತ್ಸೆ ಕೆಲವೊಮ್ಮೆ ಒಂದೆರಡು ವರ್ಷ ಹಿಡಿಯುತ್ತದೆ, ಖರ್ಚೂ ಕಡಿಮೆಯಲ್ಲ. ಕುಟುಂಬ ಇದನ್ನು ಮೊದಲೇ ತಿಳಿದು ಸಿದ್ಧವಾಗಬೇಕು.

ಮೂರನೆಯದು ಕ್ಯಾಬರ್ಗೊಲಿನ್. ಪಿಟ್ಯುಟರಿಯಲ್ಲಿ ಪ್ರೊಲ್ಯಾಕ್ಟಿನ್ ಸ್ರವಿಸುವ ಗಡ್ಡೆ ಬೆಳೆದಾಗ ಆ ಹಾರ್ಮೋನು ಹೆಚ್ಚಾಗಿ ಮೇಲಿನ ಆಜ್ಞೆಯನ್ನು ಅಡಗಿಸುತ್ತದೆ. ವಾರಕ್ಕೆ ಒಂದೆರಡು ಸಲ ನುಂಗುವ ಈ ಮಾತ್ರೆಯಿಂದ ಬಹುಪಾಲು ಜನರಲ್ಲಿ ಪ್ರೊಲ್ಯಾಕ್ಟಿನ್ ಇಳಿಯುತ್ತದೆ, ಗಡ್ಡೆ ಕುಗ್ಗುತ್ತದೆ, ಟೆಸ್ಟೋಸ್ಟೆರಾನ್ ತಾನಾಗಿ ಏರುತ್ತದೆ. ಮಿದುಳಿನ ಗಡ್ಡೆ ಎಂದೊಡನೆ ಶಸ್ತ್ರಚಿಕಿತ್ಸೆ ಎಂದು ಹೆದರುವ ಅಗತ್ಯ ಇಲ್ಲಿ ಸಾಮಾನ್ಯವಾಗಿ ಇಲ್ಲ.

ಇವಲ್ಲದೆ ಹೈಪೊಥಲಾಮಸ್ಸಿನ ಸಂಜ್ಞಾ ಹಾರ್ಮೋನನ್ನೇ ಪುಟ್ಟ ಪಂಪಿನ ಮೂಲಕ ಎರಡು ಗಂಟೆಗೊಮ್ಮೆ ಕೊಡುವ ವಿಧಾನವೂ ಇದೆ. ಅದೇ ಹಾರ್ಮೋನನ್ನು ಬಿಡುವಿಲ್ಲದೆ ಕೊಟ್ಟರೆ ಉತ್ಪಾದನೆ ನಿಂತುಬಿಡುತ್ತದೆ. ಬಿಟ್ಟು ಬಿಟ್ಟು ಕೊಟ್ಟರೆ ಮಾತ್ರ ನಡೆಯುತ್ತದೆ. ಈ ಹಾರ್ಮೋನಿನ ಶೋಧಕ್ಕೆ ಗಿಲ್ಲೆಮಾ ಮತ್ತು ಶಾಲಿ ಎಂಬ ವಿಜ್ಞಾನಿಗಳಿಗೆ 1977ರಲ್ಲಿ ನೊಬೆಲ್ ದೊರೆಯಿತು. ಪಂಪಿನ ಚಿಕಿತ್ಸೆ ಮಾತ್ರ ಕೆಲವೇ ದೊಡ್ಡ ಕೇಂದ್ರಗಳಿಗೆ ಸೀಮಿತ.

ಮಲೆನಾಡಿನವರು ತಿಳಿದಿರಬೇಕಾದ ಎರಡು ಸಂಗತಿ

ಕೊಡ್ಲಿಪೇಟೆ, ಶನಿವಾರಸಂತೆ, ಸಕಲೇಶಪುರ ಸುತ್ತಿನವರಿಗೆ ಹಾವು ಕಡಿತ ಹೊಸದಲ್ಲ. ಗದ್ದೆ, ತೋಟಗಳಲ್ಲಿ ಕೆಲಸ ಮಾಡುವವರನ್ನು ಕಚ್ಚುವ ಹಾವುಗಳಲ್ಲಿ ಕೊಳಕುಮಂಡಲ ಅತಿ ಅಪಾಯಕಾರಿ. ಅದರ ವಿಷ ರಕ್ತದ ಹೆಪ್ಪುಗಟ್ಟುವಿಕೆಯನ್ನು ಕೆಡಿಸುತ್ತದೆ. ಕೆಲವರಲ್ಲಿ ಪಿಟ್ಯುಟರಿಗೆ ರಕ್ತಸಂಚಾರ ನಿಂತು ಅದು ಶಾಶ್ವತವಾಗಿ ಕೆಡುತ್ತದೆ. ಮಿಯನ್ಮಾರ್ ಮತ್ತು ದಕ್ಷಿಣ ಭಾರತದ ವೈದ್ಯರು ಇಂಥ ರೋಗಿಗಳನ್ನು ವರದಿ ಮಾಡಿದ್ದಾರೆ. ಕಡಿತದಿಂದ ಬದುಕುಳಿದವನು ತಿಂಗಳು, ವರ್ಷಗಳ ನಂತರ ಸೋತು ಸೊರಗುತ್ತಾನೆ. ಗಡ್ಡ ಬೆಳೆಯುವುದು ನಿಧಾನವಾಗುತ್ತದೆ, ಮೈ ತಣ್ಣಗಿರುತ್ತದೆ, ರಕ್ತದ ಒತ್ತಡ ಇಳಿಯುತ್ತದೆ, ದಾಂಪತ್ಯದಲ್ಲಿ ಆಸಕ್ತಿ ಹೋಗುತ್ತದೆ. ‘ವಿಷದ ನಂಜು ಇನ್ನೂ ಹೋಗಿಲ್ಲ’ ಎಂದು ಮನೆಯವರು ಸುಮ್ಮನಿರುತ್ತಾರೆ. ಹಳೆಯ ಹಾವು ಕಡಿತದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಇಂಥವರಲ್ಲಿ ಮೊದಲು ಸರಿಪಡಿಸಬೇಕಾದದ್ದು ಕಾರ್ಟಿಸಾಲ್ ಎಂಬ ಜೀವರಕ್ಷಕ ಹಾರ್ಮೋನು, ಆಮೇಲೆ ಥೈರಾಯ್ಡ್. ಪುರುಷ ಹಾರ್ಮೋನಿನ ಸರದಿ ಅದರ ನಂತರ. ಕ್ರಮ ತಪ್ಪಿದರೆ ಅಪಾಯ. ಬೈಕ್ ಅಪಘಾತದಲ್ಲಿ ತಲೆಗೆ ಜೋರು ಪೆಟ್ಟು ಬಿದ್ದವರಲ್ಲಿಯೂ ಪಿಟ್ಯುಟರಿ ಕೆಡಬಹುದು.

ಎರಡನೆಯದು ವಾಸನೆಯ ಸಂಗತಿ. ಹೂಮಳೆ ಬಿದ್ದ ವಾರದೊಪ್ಪತ್ತಿನಲ್ಲಿ ಕಾಫಿ ತೋಟಗಳು ಬೆಳ್ಳಗೆ ಅರಳಿ ಊರೆಲ್ಲ ಪರಿಮಳ ತುಂಬುತ್ತದೆ. ಮನೆಯ ಹುಡುಗನೊಬ್ಬನಿಗೆ ಆ ಪರಿಮಳ ಹುಟ್ಟಿನಿಂದಲೂ ಗೊತ್ತಾಗದಿದ್ದರೆ, ಹದಿನಾಲ್ಕು ಹದಿನೈದು ವರ್ಷ ದಾಟಿದರೂ ದನಿ ಒಡೆಯದೆ, ಮೀಸೆ ಮೂಡದೆ, ವೃಷಣಗಳು ಬೆಳೆಯದೆ ಇದ್ದರೆ ತಜ್ಞರಿಗೆ ತೋರಿಸಿ. 1944ರಲ್ಲಿ ಕಾಲ್‌ಮನ್ ಎಂಬ ವೈದ್ಯ ವಿವರಿಸಿದ ರೋಗ ಇದಾಗಿರಬಹುದು. ಗರ್ಭದಲ್ಲಿರುವಾಗ ಸಂಜ್ಞಾ ಹಾರ್ಮೋನು ಸ್ರವಿಸುವ ಕೋಶಗಳು ಮೂಗಿನ ಭಾಗದಿಂದ ಮಿದುಳಿಗೆ ಸಾಗಬೇಕು. ವಾಸನೆಯ ನರಗಳ ದಾರಿಯೂ ಅದೇ. ಆ ದಾರಿ ತಪ್ಪಿದಾಗ ಎರಡೂ ಕೆಡುತ್ತವೆ. ಎಚ್.ಸಿ.ಜಿ. ಮತ್ತು ಎಫ್.ಎಸ್.ಎಚ್. ಚಿಕಿತ್ಸೆಯಿಂದ ಇಂಥ ಅನೇಕರು ಮುಂದೆ ತಂದೆಯಾಗಿದ್ದಾರೆ. ‘ತಡವಾಗಿ ಬೆಳೆಯುವ ವಂಶ’ ಎಂದು ಇಪ್ಪತ್ತು ದಾಟುವವರೆಗೆ ಕಾಯುವುದು ಹುಡುಗನಿಗೆ ಮಾಡುವ ಅನ್ಯಾಯ.

ಔಷಧಿಯಿಲ್ಲದೆ ಮರಳುವ ಹಾರ್ಮೋನು

ನಡುವಯಸ್ಸಿನವರಲ್ಲಿ ಟೆಸ್ಟೋಸ್ಟೆರಾನ್ ತಗ್ಗಲು ಅತಿ ಸಾಮಾನ್ಯ ಕಾರಣ ಬೊಜ್ಜು ಮತ್ತು ಸಕ್ಕರೆ ಕಾಯಿಲೆ. ಕೊಬ್ಬು ಹೆಚ್ಚಿದಂತೆ ಟೆಸ್ಟೋಸ್ಟೆರಾನ್ ಹೆಚ್ಚು ಹೆಚ್ಚಾಗಿ ಈಸ್ಟ್ರೋಜನ್ ಆಗುತ್ತದೆ, ಸಾಹುಕಾರ ಮೋಸಹೋಗುತ್ತಾನೆ. ತೂಕ ಇಳಿಸಿದರೆ ಹಾರ್ಮೋನು ತಾನಾಗಿ ಏರುತ್ತದೆ. ಎಷ್ಟು ಹೆಚ್ಚು ಇಳಿಸಿದರೆ ಅಷ್ಟು ಹೆಚ್ಚು ಏರಿಕೆ. ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವವರು ಅದಕ್ಕೆ ಚಿಕಿತ್ಸೆ ಪಡೆಯಬೇಕು.

ಕುಡಿತದ ಮಾತನ್ನು ಬಿಡುವಂತಿಲ್ಲ. ಹಬ್ಬ, ಮದುವೆಗಳಲ್ಲಿ ಮದ್ಯ ಸಹಜವಾಗಿರುವ ನಾಡು ನಮ್ಮದು. ಆದರೆ ನಿತ್ಯ ಮಿತಿಮೀರಿ ಕುಡಿದರೆ ಮದ್ಯ ಮಿದುಳಿನ ಆಜ್ಞೆಯನ್ನೂ ತಡೆಯುತ್ತದೆ, ವೃಷಣವನ್ನೂ ನೇರವಾಗಿ ಹಾಳುಮಾಡುತ್ತದೆ. ಯಕೃತ್ತು ಕೆಟ್ಟ ಮೇಲೆ ಗಂಡಸಿನ ಎದೆ ಬೆಳೆಯುವುದನ್ನು ನೀವು ಕಂಡಿರಬಹುದು. ದೀರ್ಘಕಾಲ ಬಳಸುವ ಬಲವಾದ ನೋವು ನಿವಾರಕಗಳು, ಅಂದರೆ ಮಾರ್ಫೀನ್, ಟ್ರಮಡಾಲ್ ಜಾತಿಯವು, ಹಾರ್ಮೋನನ್ನು ತಗ್ಗಿಸುತ್ತವೆ. ಕಾರಣವನ್ನು ತೆಗೆದುಹಾಕದೆ ಮಾತ್ರೆ ನುಂಗಿದರೆ ತೂತು ಕೊಡಕ್ಕೆ ನೀರು ಸೇದಿದ ಹಾಗೆ.

ಮರಳಿ ತರಲಾಗದ ಸಂದರ್ಭ

ಆಳುಗಳೇ ಇಲ್ಲದಿದ್ದರೆ ಎಷ್ಟು ಚೀಟಿ ಬರೆದರೇನು? ಹುಟ್ಟಿನಿಂದ ಒಂದು ಎಕ್ಸ್ ವರ್ಣತಂತು ಹೆಚ್ಚಿರುವ ಕ್ಲೈನ್‌ಫೆಲ್ಟರ್ ದೋಷ, ಬೆಳೆದ ಮೇಲೆ ಮಂಗಬಾವು ಬಂದು ವೃಷಣಕ್ಕೂ ಇಳಿದದ್ದು, ಮಗುವಾಗಿದ್ದಾಗ ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೇ ಉಳಿದ ವೃಷಣಗಳು, ಕ್ಯಾನ್ಸರಿನ ವಿಕಿರಣ ಚಿಕಿತ್ಸೆ ಇಂಥವುಗಳಲ್ಲಿ ವೃಷಣವೇ ಕೆಟ್ಟಿರುತ್ತದೆ. ಇವರಿಗೆ ಹೊರಗಿನ ಟೆಸ್ಟೋಸ್ಟೆರಾನ್ ಸರಿಯಾದ ಚಿಕಿತ್ಸೆ. ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಇದ್ದಂತೆ. ಅದರಿಂದ ಮೂಳೆ, ಸ್ನಾಯು, ಮನಸ್ಸು ಎಲ್ಲಕ್ಕೂ ಒಳ್ಳೆಯದು. ಅವರು ನಾಚಿಕೆಪಟ್ಟು ಅದನ್ನು ನಿಲ್ಲಿಸಬಾರದು. ಪ್ರಾಸ್ಟೇಟ್ ಪರೀಕ್ಷೆ, ರಕ್ತದ ಸಾಂದ್ರತೆಯ ಪರೀಕ್ಷೆಗಳನ್ನು ಆಗಾಗ ಮಾಡಿಸಿಕೊಳ್ಳಬೇಕು. ಮಕ್ಕಳ ಅಪೇಕ್ಷೆಯಿದ್ದರೆ ಇಂಜೆಕ್ಷನ್ ಆರಂಭಿಸುವ ಮೊದಲೇ ಆ ವಿಷಯ ಚರ್ಚಿಸಬೇಕು.

ತರುಣರಿಗೆ, ತಂದೆತಾಯಿಗಳಿಗೆ

ಕೊಡಗು ಹಾಕಿ ಆಟಗಾರರನ್ನೂ ಸೈನಿಕರನ್ನೂ ಕೊಟ್ಟ ನೆಲ. ಹುಡುಗರು ಓಡಲಿ, ಆಡಲಿ, ಸಾಮು ಮಾಡಲಿ. ಆದರೆ ವ್ಯಾಯಾಮ ಶಾಲೆಯಲ್ಲಿ ಯಾರೋ ಕೈಗಿಡುವ ಇಂಜೆಕ್ಷನ್ ಬೇಡ. ‘ಕೋರ್ಸು ಮುಗಿದ ಮೇಲೆ ಈ ಮಾತ್ರೆ ನುಂಗು, ಎಲ್ಲ ಸರಿಹೋಗುತ್ತದೆ’ ಎಂದು ಕ್ಲೋಮಿಫೀನ್, ಎಚ್.ಸಿ.ಜಿ. ಮಾರುವವರೂ ಇದ್ದಾರೆ. ಮುಂದೆ ಮದ್ದಿದೆ ಎಂಬ ಧೈರ್ಯದಿಂದ ಇಂದು ವಿಷ ಕುಡಿಯುವುದು ಜಾಣತನವಲ್ಲ. ಟೆಸ್ಟೋಸ್ಟೆರಾನ್ ಹಾಗೂ ಅದರ ದಾಯಾದಿಗಳು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳು. ಕ್ರೀಡಾಪಟುಗಳಿಗೆ ಇವಷ್ಟೇ ಅಲ್ಲ, ಕ್ಲೋಮಿಫೀನ್ ಕೂಡ, ಗಂಡಸರಿಗೆ ಎಚ್.ಸಿ.ಜಿ. ಕೂಡ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿವೆ.

ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಪುರುಷತ್ವಕ್ಕೆ ಗ್ಯಾರಂಟಿ’ ಎಂದು ಬರೆದಿರುವುದನ್ನು ನೀವು ನೋಡಿರುತ್ತೀರಿ. ಇಂಥ ಜಾಹೀರಾತನ್ನು 1954ರ ಕಾನೂನೇ ನಿಷೇಧಿಸಿದೆ. ಹೆಸರಿಲ್ಲದ ಪುಡಿಗಳಲ್ಲಿ ಕೆಲವೊಮ್ಮೆ ಹಾರ್ಮೋನನ್ನೇ ಬೆರೆಸಿರುವುದುಂಟು.

ಮೈಕಟ್ಟಿನ ಇಂಜೆಕ್ಷನ್ ಬಿಟ್ಟ ಮೊದಲ ತಿಂಗಳುಗಳು ಕಷ್ಟದವು. ಒಳಗಿನ ಉತ್ಪಾದನೆ ಇನ್ನೂ ಏಳದೆ, ಹೊರಗಿನದು ಮುಗಿದು, ತರುಣ ಸೋಲುತ್ತಾನೆ. ನಿದ್ರೆ ಕೆಡುತ್ತದೆ, ಮನಸ್ಸು ಕುಸಿಯುತ್ತದೆ. ಕೆಲವರಿಗೆ ಬದುಕೇ ಬೇಡವೆನಿಸುವುದುಂಟು. ಈ ಕಾಲದಲ್ಲಿ ‘ಸೋಮಾರಿ’ ಎಂದು ಬಯ್ಯದೆ ಅವನ ಜೊತೆಗಿರಿ. ಸಾವಿನ ಮಾತಾಡಿದರೆ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ. ಈ ಸೋಲು ತಡೆಯಲಾರದೆ ಮತ್ತೆ ಅದೇ ಇಂಜೆಕ್ಷನ್‌ಗೆ ಮರಳುವವರೂ ಇದ್ದಾರೆ.

ಕೊಡ್ಲಿಪೇಟೆಯ ಸೋದರಿಗೆ

ನಿಮ್ಮ ಯಜಮಾನರ ಸ್ಥಿತಿಯಲ್ಲಿ ಭರವಸೆಗೆ ಕಾರಣವಿದೆ. ಟೆಸ್ಟೋಸ್ಟೆರಾನನ್ನು ಗರ್ಭನಿರೋಧಕವಾಗಿ ಪರೀಕ್ಷಿಸಿದ 30 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದಿದೆ. ಅದರ ಲೆಕ್ಕದಂತೆ, ಇಂಜೆಕ್ಷನ್ ನಿಲ್ಲಿಸಿದ ಆರು ತಿಂಗಳೊಳಗೆ ನೂರಕ್ಕೆ 67 ಮಂದಿಯಲ್ಲಿ, ಒಂದು ವರ್ಷದಲ್ಲಿ 90 ಮಂದಿಯಲ್ಲಿ, ಎರಡು ವರ್ಷದೊಳಗೆ ಎಲ್ಲರಲ್ಲಿಯೂ ವೀರ್ಯಾಣು ಸಂಖ್ಯೆ ಮಿಲಿಲೀಟರಿಗೆ ಎರಡು ಕೋಟಿಗೆ ಮರಳಿತು. ಆದರೆ ಅವರು ಮೊದಲೇ ಆರೋಗ್ಯವಂತರು, ಅಳತೆಯ ಔಷಧಿ ಪಡೆದವರು. ವ್ಯಾಯಾಮ ಶಾಲೆಯಲ್ಲಿ ಹಲವು ಬಗೆಯ ಇಂಜೆಕ್ಷನ್‌ಗಳನ್ನು ಬಹುಕಾಲ ಬಳಸಿದವರಲ್ಲಿ ಇನ್ನೂ ತಡವಾಗಬಹುದು. ಕೆಲವರಲ್ಲಿ ಪೂರ್ತಿ ಮರಳದೆಯೂ ಇರಬಹುದು.

ಮಾಡಬೇಕಾದದ್ದು ಇಷ್ಟು. ಅವರನ್ನು ನಿರ್ನಾಳ ಗ್ರಂಥಿ ತಜ್ಞರ ಬಳಿಗಾಗಲಿ, ಗಂಡಸರ ಬಂಜೆತನಕ್ಕೆ ಚಿಕಿತ್ಸೆ ಕೊಡುವ ಮೂತ್ರಾಂಗ ತಜ್ಞರ ಬಳಿಗಾಗಲಿ ಕರೆದೊಯ್ಯಿರಿ. ಮೈಸೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ತಜ್ಞರಿದ್ದಾರೆ. ಯಾವ ಇಂಜೆಕ್ಷನ್, ಎಷ್ಟು ಕಾಲ, ಕೊನೆಯದು ಯಾವಾಗ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಚೀಟಿ, ಖಾಲಿ ಬಾಟಲಿ ಇದ್ದರೆ ಒಯ್ಯಲಿ. ತಿಂಗಳ ಇಂಜೆಕ್ಷನ್ ನಿಲ್ಲಿಸುವುದನ್ನು ಆ ವೈದ್ಯರ ಸಲಹೆಯಂತೆ ಮಾಡಿ. ಎಲ್.ಎಚ್., ಎಫ್.ಎಸ್.ಎಚ್. ನೋಡಿ, ಕಾದು ನೋಡಬೇಕೋ, ಕ್ಲೋಮಿಫೀನ್ ಕೊಡಬೇಕೋ, ಎಚ್.ಸಿ.ಜಿ. ಬೇಕೋ ಎಂದು ಅವರು ತೀರ್ಮಾನಿಸುತ್ತಾರೆ. ಒಂದು ವೀರ್ಯಾಣು ಹುಟ್ಟಿ ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಮೂರು ತಿಂಗಳಿಗೊಮ್ಮೆ ವೀರ್ಯ ಪರೀಕ್ಷೆ ಮಾಡಿಸಿದರೆ ಸಾಕು. ತಿಂಗಳಿಗೇ ಫಲ ಕಾಣಲಿಲ್ಲವೆಂದು ವೈದ್ಯರನ್ನು ಬದಲಾಯಿಸಬೇಡಿ.

ಕೊನೆಯದಾಗಿ ನಿಮ್ಮ ಮನೆಯ ಹಿರಿಯರಿಗೊಂದು ಮಾತು. ಮಕ್ಕಳಾಗದಿದ್ದರೆ ಸೊಸೆಯನ್ನು ಹತ್ತು ಕಡೆ ತೋರಿಸಿ, ಮಗನನ್ನು ಒಮ್ಮೆಯೂ ತೋರಿಸದಿರುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದು ಬಂದಿದೆ. ವೀರ್ಯ ಪರೀಕ್ಷೆ ಅತಿ ಅಗ್ಗದ, ನೋವಿಲ್ಲದ ಪರೀಕ್ಷೆ. ಮೊದಲ ವರ್ಷವೇ ಅದನ್ನು ಮಾಡಿಸಿದ್ದರೆ ನಿಮ್ಮ ಸೊಸೆ ಎರಡು ವರ್ಷದ ಮೂದಲಿಕೆಯಿಂದ ಪಾರಾಗುತ್ತಿದ್ದಳು, ಚಿಕಿತ್ಸೆಯೂ ಅಷ್ಟು ಮುಂಚೆ ಆರಂಭವಾಗುತ್ತಿತ್ತು. ಮುಂದಿನ ಭೇಟಿಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಲಿ.